ಬೆಂಡೆಕಾಯಿಗೊಂದು ಟವೆಲು

ನಮ್ಮ ಭಾವನವರಿಗೆ ಈ ಪ್ರಪಂಚದಲ್ಲಿ ವೈರಿ ಅಂತ ಇರುವುದು ಒಂದೇ: ಬೆಂಡೆಕಾಯಿಯ ಲೋಳೆ! ಚೆನ್ನೈನ ಸೆಕೆ, ನೀರಿನ ಲಾರಿಯ ಕಾಟ, ಮಹಡಿಯವರ ಗಲಾಟೆ, ಎಲ್ಲವನ್ನೂ ಅವರು ನಗುತ್ತಲೇ ಕ್ಷಮಿಸಬಲ್ಲರು. ಆದರೆ ಚಮಚದಿಂದ ತಟ್ಟೆಗೆ ಲೋಳೆಯ ಒಂದೆಳೆ ನೂಲು ಇಳಿಯಿತೋ, ಮುಗಿಯಿತು.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಮನೆತನ; ಅವರ ಕನ್ನಡದಲ್ಲಿ ಅರ್ಧ ತಮಿಳು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸೋ ರಿಜೆಕ್ಟೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದರು. ಆದರೆ ಕೆಲಸ ಬಿಟ್ಟರೇ? ಬೆಸೆಂಟ್ ನಗರದ ಮನೆಯಲ್ಲಿ ಬೆಂಡೆಕಾಯಿಯ ಇಲಾಖೆಯನ್ನು ವಹಿಸಿಕೊಂಡರು. ಅನ್ನ ಸಾರು ಅಕ್ಕನದು, ಬೆಂಡೆಕಾಯಿ ಮಾತ್ರ ಅವರದು. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು; ಅಂಥ ನನಗೂ ಅವರ ಶಿಸ್ತು ಕಂಡರೆ ಬೆವರು ಬರುತ್ತದೆ.

ತರಕಾರಿ ಅಂಗಡಿಯಲ್ಲಿ ಒಂದೊಂದು ಕಾಯಿಯ ತುದಿಯನ್ನೂ ಮುರಿದು ನೋಡುತ್ತಾರೆ. ಟಪ್ಪೆಂದರೆ ಬುಟ್ಟಿಗೆ, ಬಗ್ಗಿದರೆ ವಾಪಸ್ಸು. ಅಂಗಡಿಯಾಕೆ, ಮುರಿಯಬೇಡಿ ಎಂದು, "ಐಯಾ, ಉಡೈಕ್ಕಾದೀಂಗ!" ಅಂತ ಕೂಗುತ್ತಾಳೆ. ಒಮ್ಮೆ ಭಾವ ತಮಿಳಿನಲ್ಲೇ ಕೇಳಿದರು: ಮಗಳಿಗೆ ಗಂಡು ನೋಡುವಾಗ ನೀನು ಪರೀಕ್ಷೆ ಮಾಡುವುದಿಲ್ಲವೇ? ಅವಳು ಬಿಡುವವಳೇ? ಮಾಡುತ್ತೇನೆ ಸ್ವಾಮಿ, ಆದರೆ ಬೆರಳು ಮುರಿದು ನೋಡುವುದಿಲ್ಲ ಎಂದಳು!

ಮನೆಗೆ ತಂದ ಮೇಲೆ ಕಾಯಿಗಳಿಗೆ ಇಡಿಯಾಗಿಯೇ ಸ್ನಾನ. ಆಮೇಲೆ ಕೆಂಪು ಚೌಕಳಿಯ ಟವೆಲಿನಿಂದ ಒಂದೊಂದನ್ನೂ, ಎಣ್ಣೆನೀರು ಹಾಕಿಸಿಕೊಂಡ ಕೂಸನ್ನು ಒರೆಸುವಂತೆ ಒರೆಸಬೇಕು. ಮುಂದಿನದು ಫ್ಯಾನಿನ ಕೆಳಗೆ ವಿಶ್ರಾಂತಿ. ಈ ಊರಿನ ಗಾಳಿಯಲ್ಲಿ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೆಂಡೆಕಾಯಿ! ಆ ಟವೆಲಿಗೆ ಬೇರೆಯೇ ಮೊಳೆ, ಬೇರೆಯೇ ಸೋಪು. ಒಂದು ದಿನ ನಾನು ತಿಳಿಯದೆ ಅದರಲ್ಲಿ ಕೈ ಒರೆಸಿದೆ.

"ಐಯೋ, ಎನ್ನಮ್ಮಾ ಇದು! ಅದು ವೆಂಡಕ್ಕಾ ಟವೆಲಮ್ಮಾ!"

"ಕೈಯಲ್ಲಿದ್ದದ್ದು ಬರೀ ನೀರು, ಭಾವ."

"ನೀರೇ ತಾನೇ ವಿರೋಧಿ! ಅದರಿಂದಲೇ ಕೊಳಕೊಳಾ ಅಂತ ಲೋಳೆ ಬಿಡೋದು!"

ಒಳಗಿನಿಂದ ಅಕ್ಕ ನಕ್ಕಳು. "ಈರುಳ್ಳಿ ಹೆಚ್ಚಿ ನನ್ನ ಕಣ್ಣು ಉರಿದಾಗ್ಲೂ ಆ ಟವೆಲ್ ಕೊಟ್ಟಿಲ್ಲ ಕಣೇ. ನಿನಗೆ ಕೊಡ್ತಾರಾ?"

ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯಲ್ಲಿ ಬೆಂಡೆಕಾಯಿ ಬೆಂದರೂ ಒಂದು ಬಟ್ಟಲು ಇವರ ತಪಾಸಣೆಗೆ ಬರುತ್ತಿತ್ತು. ಪಕ್ಕದ ಗುಂಟೂರಿನವರು ಕಡಲೆಕಾಯಿ ಬೀಜ ಹಾಕಿ ಗರಿಗರಿಯಾಗಿ ಹುರಿದದ್ದು ಪಾಸ್. ಎದುರಿನ ಗುಜರಾತಿನವರು ಹೊಟ್ಟೆ ಸೀಳಿ ಕಡಲೆಹಿಟ್ಟು, ಮಸಾಲೆ ತುಂಬಿದ್ದೂ ಪಾಸ್, "ಆದ್ರೆ ಎಣ್ಣೆ ಜಾಸ್ತಿ". ಮೇಲಿನ ಮನೆಯ ಬಂಗಾಳಿ ಸೊಸೆ ಸಾಸಿವೆ ಅರೆದು, ಗೊಜ್ಜಿನಂತೆ ಮಾಡಿ ಕಳಿಸಿದ್ದಳು. ಭಾವ ಚಮಚ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅಯ್ಯೋ, ಒಂದೆಳೆ ನೂಲು! ಇಳಿದು, ಗಾಳಿಗೆ ತೂಗಾಡಿತು. ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದಲ್ಲ? ಅದರೊಳಗೆ ಒಂದು ಹೊಸ ಟವೆಲು ಮಡಿಸಿಟ್ಟು ಕೊಟ್ಟು ಬಂದರು!

ಪಾಪ, ಅಕ್ಕನಿಗೆ ಇಷ್ಟವಾದದ್ದೇ ಲೋಳೆ. ಮೈಸೂರಿನ ಕಡೆಯ ನಮ್ಮ ತವರಿನಲ್ಲಿ ಬೆಂಡೆಕಾಯಿಯನ್ನು ಹೆಚ್ಚಿ ಸೀದಾ ನೀರಿಗೆ ಹಾಕಿ, ನಾಲಿಗೆಯ ಮೇಲೆ ಜಾರುವಂತೆ ಬೇಯಿಸಿ ಮಜ್ಜಿಗೆ ಹುಳಿ ಮಾಡುತ್ತಿದ್ದರು. "ಲೋಳೆ ಇಲ್ದಿದ್ರೆ ಅದನ್ನ ಬೆಂಡೆಕಾಯಿ ಅಂತ ಯಾಕೆ ಅನ್ಬೇಕು?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳುತ್ತಿದ್ದಳು. ಆಸೆಯಾದಾಗ ಎಗ್ಮೋರಿನ ನನ್ನ ಮನೆಗೆ ಬಂದು, ಎರಡೆರಡು ಸಲ ಬಡಿಸಿಕೊಂಡು ಉಂಡು ಹೋಗುತ್ತಿದ್ದಳು. ಗಂಡನಿಗೆ ಹೇಳುತ್ತಿದ್ದದ್ದು, ತಂಗಿಯ ಜೊತೆ ಮ್ಯೂಸಿಯಂ ನೋಡಿ ಬರುತ್ತೇನೆ ಅಂತ! "ಎಷ್ಟು ಸಲ ನೋಡೋದು? ಅಂಥಾದ್ದೇನಿದೆ ಅಲ್ಲಿ?" ಎಂದು ಭಾವ ಕೇಳಿದರೆ, "ಹಳೇದನ್ನ ನೋಡ್ತಾನೇ ಇರ್ಬೇಕು ಅನ್ಸುತ್ತೆ ರೀ" ಎನ್ನುತ್ತಿದ್ದಳು.

ಈಚೆಗೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಗಾಯ ಮಾಗಿತು, ಮೂಗಿಗೆ ಹಾಕಿದ್ದ ಊಟದ ಟ್ಯೂಬನ್ನೂ ತೆಗೆದರು, ನುಂಗುವುದು ಮಾತ್ರ ಬರಲಿಲ್ಲ. ನೀರು ನೆತ್ತಿಗೇರುತ್ತಿತ್ತು, ಅನ್ನ ಅಲ್ಲೇ ನಿಲ್ಲುತ್ತಿತ್ತು. ಹೆದರಿ ಹೆದರಿ ಕೊನೆಗೆ ತಟ್ಟೆಯನ್ನೇ ದೂಡಿಬಿಟ್ಟಳು. ತೀರಾ ನೀರೂ ಅಲ್ಲದ, ಗಟ್ಟಿಯೂ ಅಲ್ಲದ, ತಾನಾಗಿ ಜಾರುವಂಥದ್ದನ್ನು ಕೊಟ್ಟು ನೋಡಿ, ಅದೂ ಇಳಿಯದಿದ್ದರೆ ಮೂಗಿಗೆ ಮತ್ತೆ ಟ್ಯೂಬು ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಭಾವನ ಫೋನು.

"ಏನಮ್ಮಾ, ನಿಮ್ಮ ಮ್ಯೂಸಿಯಮ್ಮಲ್ಲಿ ಬೆಂಡೆಕಾಯಿ ಮಜ್ಜಿಗೆ ಹುಳಿ ಮಾಡ್ತೀರಲ್ಲ, ಅದು ಹೇಗೆ?"

ಎಂದಿನಿಂದ ಗೊತ್ತಿತ್ತೋ ಇವರಿಗೆ! ಸಿಕ್ಕಿದ ಬಸ್ಸು ಹತ್ತಿ ಹೋದೆ.

ಭಾವ ಹೆಗಲ ಮೇಲೆ ಕೆಂಪು ಟವೆಲು ಹಾಕಿಕೊಂಡು, ಹೆಚ್ಚಿದ ಬೆಂಡೆಕಾಯಿಯ ಮೇಲೆ ತಾವೇ ನೀರು ಸುರಿಯುತ್ತಿದ್ದರು! ನಾನು ಹೇಳಿದಂತೆ ಬೇಯಿಸಿದರು, ಮಸೆದರು, ಬೀಜ ನಾರು ಉಳಿಯದಂತೆ ಸೋಸಿ, ನುಣ್ಣಗೆ ಅರೆದ ತೆಂಗಿನಕಾಯಿ, ಮಜ್ಜಿಗೆ ಬೆರೆಸಿ ಬಿಸಿ ಮಾಡಿದರು. ಚಮಚ ಎತ್ತಿ ಬೆಳಕಿಗೆ ಹಿಡಿದರು. ನೂಲು ಇಳಿದು ಫಕ್ಕನೆ ಕಡಿಯಿತು.

"ರಿಜೆಕ್ಟ್," ಎಂದು ಇನ್ನಷ್ಟು ಬೆಂಡೆಕಾಯಿ ಬೇಯಲಿಟ್ಟರು.

ಕೊನೆಗೊಮ್ಮೆ ಚಮಚದಿಂದ ಪಾತ್ರೆಯವರೆಗೂ ಕಡಿಯದೆ ಎಳೆ ನಿಂತಿತು. ಯಾರನ್ನೂ ಯಾವತ್ತೂ ಅಭಿಪ್ರಾಯ ಕೇಳದ ಮನುಷ್ಯ ನನ್ನ ಕಡೆ ತಿರುಗಿ, "ಪಾಸಾಮ್ಮಾ?" ಎಂದರು.

ಆರಿಸಿ ಅಕ್ಕನ ಬಾಯಿಗಿಟ್ಟರು. ಅವಳು ಕಣ್ಣು ಮುಚ್ಚಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಜಾರಿತು. ಇಳಿಯಿತು. ಕೆಮ್ಮಲಿಲ್ಲ!

"ಉಪ್ಪು ಕಮ್ಮಿ," ಎಂದಳು ಒಡೆದ ದನಿಯಲ್ಲಿ.

ಅವಳ ತುಟಿಯಿಂದ ಚಮಚದವರೆಗೆ ಒಂದೆಳೆ ನೂಲು ತೂಗಾಡುತ್ತಿತ್ತು. ನಾನು ಕರವಸ್ತ್ರ ಹುಡುಕುವಷ್ಟರಲ್ಲಿ ಭಾವ ಹೆಗಲ ಮೇಲಿನ ಟವೆಲು ತೆಗೆದು ಅವಳ ಗಲ್ಲವನ್ನು ಮೆಲ್ಲಗೆ ಒರೆಸಿದರು.

"ರೀ... ಇದು ಬೆಂಡೆಕಾಯಿ ಟವೆಲಲ್ವಾ?"

"ಮಾತಾಡ್ಬೇಡ. ಆ ಅನ್ನು, ಇನ್ನೊಂದು ಚಮಚ."