ಮಾವಶಿಯ ಸಸ್ಯಾಹಾರಿ ಮೋರೆ

ನನ್ನ ಮಾವಶಿ ಮೀನಿಲ್ಲದೆ ಊಟಕ್ಕೆ ಕೂತ ದಿನ ನನಗಂತೂ ನೆನಪಿಲ್ಲ. ಆದರೆ ಅವಳ ಮೋರೆ ಮಾತ್ರ ಅಪ್ಪಟ ಸಸ್ಯಾಹಾರಿ! ನಗಬೇಡಿ. ಬಂಗಡೆ ಸಾರು ಉಂಡು ಕೈ ತೊಳೆಯಲು ಹೋದವಳಿಗೆ, ಬಚ್ಚಲಲ್ಲಿದ್ದ ಸಾಬೂನಿನಲ್ಲಿ ಪ್ರಾಣಿಯ ಕೊಬ್ಬಿದೆಯೆಂಬ ಗುಮಾನಿ ಬಂದು, ಒದ್ದೆ ಕೈಯಲ್ಲೇ ಪೇಟೆಗೆ ಹೊರಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನಿಂದ ಚೀಲ ಹಿಡಿದು ಓಡಿದವಳೂ ನಾನೇ.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆಗೆ ತಾಗಿಯೇ ಅವಳ ಮನೆ. ಗಂಡ, ಅಂದರೆ ನಮ್ಮ ಕಾಕಾ, ಸ್ವಂತ ದೋಣಿಯಲ್ಲಿ ಸಮುದ್ರಕ್ಕೆ ಹೋಗುವವರು. ಇವಳು ಕನ್ನಡ ಶಾಲೆಯ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಪೇಟೆಯ ಅರ್ಧ ಅಂಗಡಿಗಳ ಗಲ್ಲೆಯ ಮೇಲೆ ಕೂತವರು ಅವಳ ಕೈಯಲ್ಲಿ ಮಗ್ಗಿ ಕಲಿತವರೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಒಮ್ಮೆ ಅಂಕೋಲೆಯಿಂದ ಬರುವಾಗ ಬಸ್ಸಿನಲ್ಲಿ ಗೋಕರ್ಣದ ಕಡೆಯಿಂದ ಬಂದ ವಿದೇಶಿ ಹೆಂಗಸೊಬ್ಬಳು ಮಾವಶಿಯ ಪಕ್ಕ ಕೂತಳು. ಕಾರವಾರ ಮುಟ್ಟುವುದರೊಳಗೆ ಮಾವಶಿಯ ಇಂಗ್ಲಿಷಿಗೆ ಹೊಸ ಶಬ್ದವೊಂದು ಸೇರಿತ್ತು: ವೀಗನ್! ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ, ನೀರು-ನೆಲ ಕೆಡಿಸುವಂಥದ್ದೂ ಬೇಡ.

"ಹಂಗಾರೆ ನಾಳಿಂದ ಮೀನು ಬಂದ್ ಮಾಡೂದಾ?" ಕಾಕಾ ಗಾಬರಿಯಾದರು.

"ಮೀನು ಹಸಿವೆಗೆ. ಬರೀ ಚಂದ ಕಾಣೂಕೆ ಒಂದು ಜೀವ ಎಂತಕ್ಕೆ ತೆಗಿಬೇಕು?"

ಮೀನು ಉಳಿಯಿತೆಂದು ಕಾಕಾ ಬಲೆ ಹೆಗಲಿಗೇರಿಸಿ ಹೊರಟರು.

ಅಂದಿನಿಂದ ಶುರುವಾಯಿತು ನೋಡಿ ಅಂಗಡಿಕಾರರ ಅಗ್ನಿಪರೀಕ್ಷೆ! ಮಾವಶಿ ಒಳಗೆ ಕಾಲಿಟ್ಟರೆ ಸಾಕು, ತಲೆ ನೆರೆತ ಅಂಗಡಿಕಾರನೂ ಎದ್ದು ನಿಲ್ಲುತ್ತಿದ್ದ.

"ಓದು. ದನಿ ತೆಗ್ದು ಓದು."

ಅವನು ಸಾಬೂನಿನ ಹೊದಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ತಡವರಿಸುತ್ತ ಓದುತ್ತಿದ್ದ. "ಎಣ್ಣೆ... ಬಣ್ಣ... ಸುವಾಸನೆ..."

"ಯಾವ ಎಣ್ಣೆ?"

"ಬರ್ದಿಲ್ಲ ಅಕ್ಕೋರೆ."

"ಬಿಸ್ಕೀಟಿನ ಪಾಕೀಟಿಗೆ ಹಸಿರು ಚುಕ್ಕಿ ಅದೆ. ಸಾಬೂನಿಗೆ ಎಲ್ಲದೆ?"

"ಸಾಬೂನು ಯಾರೂ ತಿನ್ನೂದಿಲ್ಲ ಅಕ್ಕೋರೆ."

"ನಿನ್ನ ಮೈ ತಿಂತದೆ! ಕೂತ್ಕೋ."

ಪಾಪ, ತನ್ನದೇ ಅಂಗಡಿಯಲ್ಲಿ ಅಪ್ಪಣೆ ಪಡೆದು ಕೂರುವ ಹಣೆಬರಹ!

ಇನ್ನೊಂದು ದಿನ ಕಾಕಾನ ಬಲೆಯಲ್ಲಿ ಸಿಗಡಿಗಿಂತ ಖಾಲಿ ಶಾಂಪೂ ಪಾಕೀಟುಗಳೇ ಹೆಚ್ಚು ಬಂದವು. ಕಾಕಾ ಬೈದುಕೊಳ್ಳುತ್ತ ದಂಡೆಗೆ ಎಸೆದರು. ಮಾವಶಿ ಎಲ್ಲವನ್ನೂ ಹೆಕ್ಕಿ, ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಚಿಮಟಿಗೆ ಹಾಕಿ ತೂಗಿಬಿಟ್ಟಳು. ಒಣಗಿದ ಮೇಲೆ ಚೀಲ ತುಂಬಿ ಆ ಸಾಬೂನಿನ ಅಂಗಡಿಗೇ ಒಯ್ದಳು.

"ನಿನ್ನ ಸಾಮಾನು ವಾಪಸ್."

"ಇದೆಲ್ಲ ನಾನೇ ಮಾರಿದ್ದು ಅಂತ ಹ್ಯಾಂಗೆ ಹೇಳ್ತ್ರಿ ಅಕ್ಕೋರೆ?"

"ಸಮುದ್ರ ಅಂತೂ ಅಂಗಡಿ ಇಟ್ಟಿಲ್ವಲ್ಲ!"

ಆಮೇಲೆ ಮಾವಶಿ ರಸ್ತೆ ದಾಟುವುದು ಕಂಡರೆ ಸಾಕು, ಆತ ಬಾಗಿಲಿಗೆ ತೂಗುಹಾಕಿದ ಶಾಂಪೂ ಮಾಲೆಯನ್ನು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತಿದ್ದ. ನನಗೆ ಭಯವೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಒಂದು ಪೇಟೆಯನ್ನೇ ಬರೀ ಪ್ರಶ್ನೆ ಕೇಳಿ ನಡುಗಿಸುವ ಹೆಂಗಸನ್ನು ಬೇರೆಲ್ಲಿ ನೋಡುವುದು?

ಆದರೆ ಅವಳ ಪ್ರಶ್ನೆ ನನ್ನ ಮದುವೆಗೇ ಬಂದು ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು! ಗಂಡು ಅಂಕೋಲೆಯವರು. ಮದುವೆಗೆ ಕೆಲವೇ ದಿನ ಇರುವಾಗ ಭಾವೀ ಅತ್ತೆ, ಸೀರೆಯ ಜೊತೆ ಒಂದು ಚಂದದ ಅಲಂಕಾರದ ಪೆಟ್ಟಿಗೆ ತಂದರು. ಎಲ್ಲರ ಎದುರಿಗೇ ಮಾವಶಿ ಕನ್ನಡಕ ಏರಿಸಿದಳು. ಬೆಳ್ಳಗಾಗಿಸುವ ಕ್ರೀಮು ಬದಿಗೆ ಹೋಯಿತು. ಪೌಡರು ಬದಿಗೆ ಹೋಯಿತು. ಕೆಂಪು ಲಿಪ್‌ಸ್ಟಿಕ್ಕನ್ನು ಎತ್ತಿ ಬೆಳಕಿಗೆ ಹಿಡಿದಳು.

"ಈ ಕೆಂಪು ಎಂತದ್ರದು? ಕೆಲವಕ್ಕೆ ಹುಳ ಒಣಗಿಸಿ, ಅರೆದು ಹಾಕ್ತಾರಂತೆ."

ನನ್ನ ತಾಯಿಯ ಮುಖ ಬಿಳಿಚಿತು. ಸಂಬಂಧ ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡುತ್ತೇನೆ, ಭಾವೀ ಅತ್ತೆ ಸೆರಗಿನ ತುದಿಯಿಂದ ತಮ್ಮ ತುಟಿಯನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದಾರೆ!

"ಹಂಗಾರೆ ಹುಡುಗಿಗೆ ಎಂತ ಹಚ್ಚೂದು ಅಕ್ಕೋರೆ?" ಅವರು ಕೇಳಿದರು.

"ಅದು ನನ್ನ ಜವಾಬ್ದಾರಿ."

ಮರುದಿನವೇ ನಮ್ಮ ಸವಾರಿ ಹೊರಟಿತು. ಅಂಕೋಲೆಯ ಪೇಟೆಯಲ್ಲಿ ಮುರುಗಲ, ಅಂದರೆ ಪುನರ್ಪುಳಿ ಬೀಜದ ಎಣ್ಣೆಯ ಗಟ್ಟಿಯನ್ನು ಮೂಸಿ, ಒತ್ತಿ, ಉಗುರಲ್ಲಿ ಕೆರೆದು, ಆರಿಸಿದ್ದೇ ಆರಿಸಿದ್ದು. ಬೀಟ್‌ರೂಟು ಕೊಂಡದ್ದಾಯಿತು. ಅಲ್ಲಿಂದ ಮಂಜಗುಣಿಗೆ ಹೋದೆವು, ಕಾಡಿಗೆ ಮಾಡಿಕೊಡುವ ಅಜ್ಜಿಯನ್ನು ಹುಡುಕಿಕೊಂಡು.

"ತುಪ್ಪ ಹಾಕ್ಬೇಡಿ ಅಜ್ಜಿ. ತುಪ್ಪ ಆಕಳದು."

"ಮತ್ತೆ ಯಾರದು ಆಗ್ಬೇಕಾಗಿತ್ತು ನಿಂಗೆ?" ಅಜ್ಜಿ ಕಂಗಾಲು. ಕೊನೆಗೆ ತೆಂಗಿನೆಣ್ಣೆಗೆ ರಾಜಿಯಾಯಿತು.

ಮದುವೆಯ ಬೆಳಿಗ್ಗೆ ಮಾವಶಿ ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡಳು. ತಲೆಗೆ ದಾಸಾಳ ಎಲೆಯ ಲೋಳೆ, ಮೈಗೆ ಕಡಲೆಹಿಟ್ಟು, ಕಣ್ಣಿಗೆ ಅಜ್ಜಿಯ ಕಾಡಿಗೆ. ಮುರುಗಲ ಎಣ್ಣೆಗೆ ಬೀಟ್‌ರೂಟಿನ ಪುಡಿ ಕಲಸಿ ಮಾಡಿದ ಬಣ್ಣವನ್ನು ಬೆರಳ ತುದಿಯಿಂದ ತುಟಿಗೆ ಒತ್ತಿದಳು. ಕನ್ನಡಿ ನೋಡಿದೆ. ಯಾರೂ ನನ್ನನ್ನು ಬೆಳ್ಳಗೆ ಮಾಡಿರಲಿಲ್ಲ. ನಾನೇ ಇದ್ದೆ, ಆದರೆ ಇಷ್ಟು ಚಂದ ಇದ್ದೆನೆಂದು ನನಗೇ ಗೊತ್ತಿರಲಿಲ್ಲ.

ಮಾವಶಿ ಬಟ್ಟಲಿನಲ್ಲಿ ಉಳಿದ ಬಣ್ಣವನ್ನೇ ನೋಡುತ್ತಿದ್ದಳು.

"ಒಂಚೂರು ಉಳೀತಲ್ಲ," ಅಂದಳು. ಆ ದನಿ ನಾನು ಎಂದೂ ಕೇಳದ್ದು. "ನಂಗೂ ಹಚ್ತ್ಯಾ?"

ನಾನು ಬಟ್ಟಲನ್ನು ಕೈಗೆ ತೆಗೆದುಕೊಂಡೆ.

"ನನ್ನ ಮದಿವೆಲಿ ಯಾರೂ ಹಚ್ಲಿಲ್ಲೇ. ಇಷ್ಟು ಕಪ್ಪಿಗೆ ಎಂತ ಹಚ್ಚೂದು ಅಂದ್ಬಿಟ್ರು. ನಂಗೆ ಆಶೆ ಇತ್ತು."

ಅವಳನ್ನು ನನ್ನ ಜಾಗದಲ್ಲಿ ಕೂರಿಸಿದೆ. ಅವಳು ಶಾಲೆಯ ಹುಡುಗಿಯ ಹಾಗೆ ಮುಖ ಎತ್ತಿ, ಕಣ್ಣು ಮುಚ್ಚಿಕೊಂಡಳು. ನಾನು ಬೆರಳ ತುದಿಯಿಂದ ಅವಳ ತುಟಿಗೆ ಬಣ್ಣ ಒತ್ತತೊಡಗಿದೆ. ಆಗಲೇ ಕಾಕಾ, "ದಿಬ್ಬಣದ ಬಸ್ಸು ಬಂದು ಎಷ್ಟೊತ್ತಾಯ್ತು, ಎಂತ ಮಾಡ್ತ್ರಿ ಒಳಗೆ!" ಎಂದು ಕೂಗುತ್ತ ಬಾಗಿಲು ದೂಡಿದರು.

ಮಾವಶಿ ತಟ್ಟನೆ ಕಣ್ಣು ಬಿಟ್ಟಳು. ಕಾಕಾ ಅವಳನ್ನೇ ನೋಡುತ್ತ ನಿಂತರು. ಮತ್ತೆ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಅಂಗಳದಲ್ಲಿ ಅವರು ಹೇಳಿದ್ದು ನಮಗಿಬ್ಬರಿಗೂ ಕೇಳಿಸಿತು.

"ಡ್ರೈವರಾ, ಬಸ್ಸು ಸ್ವಲ್ಪ ನಿಲ್ಲಿಸ್ಕೋ. ನನ್ನ ಹೆಂಡ್ತಿ ತಯಾರಾಗ್ತಿದ್ದಾಳೆ."