ಮದುವೆ ಕಾಗದಕ್ಕೆ ಓಂ ಹಾಕಿದ್ದು

ಕಂಪ್ಯೂಟರ್ ಎಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನಾನೇ ಸುದ್ದಿ ಹಬ್ಬಿಸಿದ್ದೆ. ಹಾಗಾಗಿ ಹೆಂಡತಿಯ ಅಣ್ಣನ ಮಗಳು ನಳಿನಿಯ ಮದುವೆ ಕಾಗದದ, ಅಂದರೆ ಆಮಂತ್ರಣದ, ಮಾದರಿ ಮಾಡುವ ಘನಕಾರ್ಯ ನನ್ನ ಪಾಲಿಗೆ ಬಂತು. ಭಾವನ ಆಜ್ಞೆ ಒಂದೇ: "ಇಬ್ಬರ ಹೆಸರಿನ ಮೊದಲೂ ಓಂ ಬೇಕು ಮಾರಾಯ. ಸಂಜೆ ಗಂಡಿನವರ ಎದುರೇ ದೇವರ ಮುಂದೆ ಇಡ್ಲಿಕ್ಕುಂಟು!"

ಕೀಬೋರ್ಡಿನಲ್ಲಿ ಹುಡುಕಿದೆ. ಡಾಲರ್ ಇದೆ, ಶೇಕಡಾ ಇದೆ, ಓಂಕಾರವಿಲ್ಲ! ಕೊನೆಗೆ ಅಕ್ಷರಗಳ ಬದಲು ಚಿತ್ರಗಳೇ ತುಂಬಿದ ಒಂದು ಫಾಂಟು ಆರಿಸಿ ಸಿಕ್ಕಸಿಕ್ಕ ಕೀಲಿ ಒತ್ತಿದಾಗ, ವಿಮಾನ, ಕತ್ತರಿ, ಟೆಲಿಫೋನುಗಳ ನಡುವೆ ಓಂ ಪ್ರತ್ಯಕ್ಷವಾಯಿತು. ಕೈಮುಗಿದೆ.

"ಎಂತ ಮಾಡ್ತಿದ್ದೀರಿ? ಕರೆಂಟು ಹೋಗುವ ಹೊತ್ತಾಯ್ತು!" ಎಂದಳು ಹೆಂಡತಿ ಸುಮತಿ. ಆ ಕಾಲದಲ್ಲಿ ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಒಂದೇ ಸಮಯಪಾಲನೆ ಮಾಡುತ್ತಿದ್ದದ್ದು. ಉಳಿದದ್ದು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಎರಡು ಹೆಸರು ಮಾತ್ರ. ನಾನು ಎರಡು ಬೆರಳಿನ ಟೈಪಿಸ್ಟ್. ಕಣ್ಣು ಕೀಲಿಯ ಮೇಲೆ, ಪರದೆಯ ಮೇಲಲ್ಲ. ಓಂ ಹೊಡೆದೆ, ನಳಿನಿ ಹೊಡೆದೆ. ಓಂ ಹೊಡೆದೆ, ವರನ ಹೆಸರು ಮೋಹನ್ ಹೊಡೆದೆ. ಪ್ರಿಂಟರ್ ಕಾಗದ ಉಗುಳಿತು, ಕರೆಂಟು ಹೋಯಿತು. ಮಬ್ಬಿನಲ್ಲೇ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಲಕೋಟೆಗೆ ಸೇರಿಸಿ, ಭಾವನ ಮನೆಗೆಂದು ಬದಲಾಪುರದ ಲೋಕಲ್ ರೈಲು ಹಿಡಿದೆವು.

ದೇವರ ದೀಪದ ಮುಂದೆ ಭಾವ ಲಕೋಟೆ ಬಿಚ್ಚಿದರು.

"ಇದೆಂಥದು ಮಾರಾಯ?"

ಇಣುಕಿದೆ. ಓಂ ಇತ್ತು. ಅದರ ಪಕ್ಕ, ನಳಿನಿ ಇರಬೇಕಾದಲ್ಲಿ, ಮೊದಲಿಗೇ ತಲೆಬುರುಡೆ, ಅದರಡಿ ಅಡ್ಡಡ್ಡ ಎಲುಬು! ಕೆಳಗೆ ಮೋಹನನ ಜಾಗದಲ್ಲಿ ಮೊದಲು ಒಂದು ಬಾಂಬು, ಪಕ್ಕದಲ್ಲೊಂದು ಬಿಳಿ ಬಾವುಟ. ಓಂ ಹಾಕಿದ ಮೇಲೆ ಫಾಂಟು ಬದಲಿಸುವುದನ್ನೇ ಮರೆತಿದ್ದೆ, ಹೆಸರಿನ ಅಕ್ಷರಕ್ಕೊಂದು ಚಿತ್ರ ಬಿದ್ದಿತ್ತು!

ವರನ ತಂದೆ ಕನ್ನಡಕ ಏರಿಸಿ ನೋಡಿದರು. ಶುಭಕಾರ್ಯದ ಮೊದಲ ಕಾಗದದಲ್ಲೇ ಬುರುಡೆ! ಸಂಬಂಧ ಮುರಿಯಿತು ಎಂದುಕೊಂಡೆ. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪಿಸಿಕೊಳ್ಳತೊಡಗಿದೆ. ಸುಮತಿ ತೊಡೆ ಚಿವುಟಿದಳು.

ನಳಿನಿ ಕಾಗದ ಕಸಿದುಕೊಂಡಳು. "ಮಾವ, ಯೇ ಖೋಪಡಿ ಮೈ ಹೂಂ ಕ್ಯಾ? ಈ ಬುರುಡೆ ನಾನಾ?"

ಮೋಹನ ಅವಳ ಹೆಗಲಾಚೆಯಿಂದ ಬಗ್ಗಿ ನೋಡಿದ. "ನಾನು ಮೊದಲು ಬಾಂಬು, ಆಮೇಲೆ ಬಿಳಿ ಬಾವುಟ! ಅಪ್ಪ, ಮದುವೆಯಾದವರ ಕತೆ ಇಷ್ಟೇ ಅಲ್ವಾ?"

ವರನ ತಂದೆ ತಮ್ಮ ಹೆಂಡತಿಯತ್ತ ಒಮ್ಮೆ ನೋಡಿ, "ನನ್ನ ಬಾಂಬು ಯಾವಾಗಲೋ ಠುಸ್ಸಾಗಿದೆ" ಎಂದು ನಕ್ಕರು. ನನಗೆ ಉಸಿರು ಬಂತು.

ಕಾಗದವನ್ನು ಪ್ರೆಸ್ಸಿನವರೇ ಮಾಡಿದರು. ಸುಮತಿ ನನಗೆ ಒಪ್ಪಿಸಿದ್ದು ಮೂಲೆಗೆ ಅರಿಶಿನ ಹಚ್ಚುವ ಕೆಲಸ. "ಇದಕ್ಕೆ ಫಾಂಟು ಇಲ್ಲ, ಧೈರ್ಯವಾಗಿ ಮಾಡಿ!"

ಮಾಡಿದೆ. ಅರಿಶಿನ ಸ್ವಲ್ಪ ನೀರಾಗಿತ್ತು, ಅಷ್ಟೇ. ಕಾಗದ ಸಿಕ್ಕವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದರು: "ಎಲ್ಲ ಹಳದಿ ಉಂಟು ಮಾರಾಯ್ರೆ, ಮುಹೂರ್ತ ಎಷ್ಟು ಗಂಟೆಗೆ?"