ಅಧ್ಯಕ್ಷರಿಗೇ ಬಿಡಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅರ್ಧ ಬಕೆಟ್ ನೀರು. ಅದರಲ್ಲೂ ಒಂದು ಚೊಂಬು ಡ್ರೈವರನ ಕಾಲಿನ ಮೇಲೆಯೇ ಚೆಲ್ಲಿತ್ತು.

ಏಪ್ರಿಲ್ ತಿಂಗಳ ಭಾನುವಾರ. ಬೆಳಕು ಹರಿಯುತ್ತಿದ್ದಂತೆ ಚಂದ್ರಾ ಲೇಔಟಿನ ಗುರುಕೃಪಾ ಅಪಾರ್ಟ್‌ಮೆಂಟಿನ ಮುಂದೆ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಅದರಿಂದ ರೋಣದ ಕಡೆಯ ಹದಿನೆಂಟು ಮಂದಿ ಬೀಗರು ಇಳಿದರು. ನಾಲ್ಕನೇ ಮಹಡಿಯ ಚನ್ನವೀರೇಶ್ ಮೇಷ್ಟ್ರ ಮೊಮ್ಮಗಳಿಗೆ ಅವತ್ತು ಮಧ್ಯಾಹ್ನ ತೊಟ್ಟಿಲು ಶಾಸ್ತ್ರ. ರಾತ್ರಿಯೆಲ್ಲ ಧೂಳು ಕುಡಿದು ಬಂದ ಬೀಗರು ಸ್ನಾನ ಮಾಡಿ, ಮಡಿ ಬಟ್ಟೆ ಉಟ್ಟು, ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಮಗಳ ಮದುವೆಯಲ್ಲಿ ಬೀಗರಿಗೆ ಕೊಟ್ಟ ಉಪ್ಪಿಟ್ಟು ತಣ್ಣಗಿತ್ತು ಎಂಬ ಮಾತು ರೋಣದಲ್ಲಿ ಇನ್ನೂ ಬಿಸಿಬಿಸಿಯಾಗಿತ್ತು. ಈ ಸಲವೂ ಕೊಂಕು ಬಂದರೆ ಅದನ್ನು ಜೀವಮಾನವಿಡೀ ಕೇಳಬೇಕಾದವಳು ಮಗಳು. ಅದಕ್ಕೇ ಮೇಷ್ಟ್ರ ಹೆಂಡತಿ ದಾನಮ್ಮ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಬೀಗರೆಲ್ಲ ಮೇಲೆ ಹತ್ತಿದ ಮೇಲೆ ಡ್ರೈವರು ಪಾರ್ಕಿಂಗಿನ ನಲ್ಲಿಯಲ್ಲಿ ಅರ್ಧ ಬಕೆಟ್ ನೀರು ಹಿಡಿದು ಗಾಡಿಯ ಗಾಜು ತೊಳೆದ. ಪಾಪ, ಅವನ ಊರಲ್ಲಿ ಅದು ಅಪರಾಧವಲ್ಲ.

ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಅಸೋಸಿಯೇಷನ್ ಅಧ್ಯಕ್ಷ ಸಂಪತ್ ಕಾಫಿ ಕುಡಿಯುತ್ತ ನಿಂತಿದ್ದರು. ಯಾವುದೋ ಫ್ಯಾಕ್ಟರಿಯಲ್ಲಿ ಮ್ಯಾನೇಜರಾಗಿ ರಿಟೈರಾದವರು. ಫ್ಯಾಕ್ಟರಿ ಅವರನ್ನು ಬಿಟ್ಟಿತ್ತೇ ಹೊರತು ಅವರು ಮ್ಯಾನೇಜರಿಕೆಯನ್ನು ಬಿಟ್ಟಿರಲಿಲ್ಲ. ಲೋಟ ಕೆಳಗಿಟ್ಟು ಫೋಟೋ ಹೊಡೆದರು. ಮರುಕ್ಷಣ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಆಜ್ಞೆ ಹೊರಬಿತ್ತು: ‘ಫ್ಲಾಟ್ 402. ನೀರು ದುರ್ಬಳಕೆ. ವಿಶೇಷಾಧಿಕಾರದ ಪ್ರಕಾರ ಸಂಜೆ ಆರರವರೆಗೆ ಸಪ್ಲೈ ಬಂದ್.’ ಆಮೇಲೆ ಅವರೇ ಟೆರೇಸಿಗೆ ಹೋಗಿ 402ರ ವಾಲ್ವ್ ತಿರುಗಿಸಿ, ಟೆರೇಸಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಬಂದರು.

ಆ ಹೊತ್ತಿಗೆ ಸರಿಯಾಗಿ ಹಿರಿಯ ಬೀಗರು ದ್ಯಾಮಪ್ಪ ತಲೆಯಿಂದ ಪಾದದವರೆಗೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದರು.

"ಮಾಸ್ತರಽ! ನೀರ್ ನಿಂತಾವ್ರೀ!" ಒಳಗಿನಿಂದ ಗುಡುಗು ಬಂತು. "ಕಣ್ಣಾಗ ಸಾಬಾಣ ಹೊಂಟೈತಿ, ಲಗೂನ ನೋಡ್ರೀ!"

ಮೇಷ್ಟ್ರು ಗ್ರೂಪ್ ನೋಡಿದರು. ನೋಡುತ್ತಿದ್ದಂತೆ ಮೈಯೆಲ್ಲ ಉರಿದುಹೋಯಿತು. ಆಜ್ಞೆಯ ಕೆಳಗೆ ಆಗಲೇ ಮೂರು ಮನೆಯವರು ಹೆಬ್ಬೆಟ್ಟು ಎತ್ತಿ ಮೆಚ್ಚಿದ್ದರು.

"ಹೋಗ್ರಿ, ಏನಾರ ಮಾಡ್ರಿ," ಎಂದು ದಾನಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಹದಿನೇಳು ಮಂದಿ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಸಾಲಾಗಿ ನಿಂತಾರ. ಅದ್ರಾಗ ನಾಲ್ಕು ಮಂದಿ ಸ್ನಾನಕ್ಕಲ್ಲ ನಿಂತಿರೋದು!"

ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಸಂಪತ್ ಮನೆ ಬಾಗಿಲು ಬಡಿದರು.

"ಏನ್ರೀ ಇದು? ಮನೇಲಿ ಶುಭಕಾರ್ಯ ಇಟ್ಕೊಂಡಿದೀನಿ. ಒಂದು ಮಾತು ಕೇಳ್ದೆ ನೀರು ನಿಲ್ಲಿಸ್ತೀರಾ?"

"ಕೂತ್ಕೊಳ್ಳಿ ಸಾರ್. ಕಾಫಿ?"

"ನಿಮ್ಮ ಕಾಫಿಗಿಷ್ಟು ಬೆಂಕಿ ಹಾಕ! ಯಾರು ಕೊಟ್ರು ನಿಮಗೆ ಈ ಅಧಿಕಾರ?"

"ನೀವೇ ಸಾರ್," ಎಂದರು ಸಂಪತ್, ಸ್ವಲ್ಪವೂ ದನಿ ಏರಿಸದೆ.

ನಿಜ. ಹೋದ ತಿಂಗಳು ಯಾವ ಟ್ಯಾಂಕರ್ ತರಿಸಬೇಕು ಅಂತ ಮೀಟಿಂಗು ಮೂರು ಗಂಟೆ ಎಳೆದಿತ್ತು. ಪಕ್ಕದ ದರ್ಶಿನಿ ಹೋಟೆಲಿನಿಂದ ತರಿಸಿದ್ದ ಬೋಂಡಾ ಎದುರಿಗೇ ಆರಿಹೋಗುತ್ತಿತ್ತು. ಸಿಟ್ಟು ನೆತ್ತಿಗೇರಿ ಇದೇ ಮೇಷ್ಟ್ರು ಎದ್ದು ನಿಂತು, "ಎಲ್ಲದಕ್ಕೂ ಮೀಟಿಂಗ್ ಮಾಡ್ತಾ ಕೂತ್ರೆ ಬಿಲ್ಡಿಂಗ್ ಉದ್ಧಾರ ಆದ ಹಾಗೇ! ನೀರು, ಗೇಟು, ಟೆರೇಸು, ಎಲ್ಲಾ ಅಧ್ಯಕ್ಷರಿಗೇ ಬಿಡಿ. ಅವರು ಹೇಳಿದ್ದೇ ಫೈನಲ್!" ಎಂದು ಕೂಗಿದ್ದರು. ಹನ್ನೆರಡು ಮನೆಯವರೂ ಕೈ ಎತ್ತಿ, ಆ ಎತ್ತಿದ ಕೈಯನ್ನೇ ಬೋಂಡಾ ತಟ್ಟೆಗೆ ಇಳಿಸಿದ್ದರು. ಹೀಗೆ ಕೂಗಿದವರು ಯಾರು ಅಂತೀರಿ? ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿರುವ ಮನುಷ್ಯ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಂದೇ ಕೈಯಲ್ಲಿ ಇರಬಾರದು ಅಂತ ಬರೆಯದ ಮಕ್ಕಳಿಗೆ ಮಾರ್ಕ್ಸು ಕತ್ತರಿಸಿದ ಮನುಷ್ಯ!

"ಆಯ್ತು, ಅಪೀಲ್ ಮಾಡ್ತೀನಿ," ಎಂದರು ಮೇಷ್ಟ್ರು.

"ಧಾರಾಳವಾಗಿ ಮಾಡಿ ಸಾರ್."

"ಯಾರಿಗೆ ಮಾಡ್ಬೇಕು?"

"ನನಗೇ."

"ವಿಚಾರಣೆ ಯಾವಾಗ?"

"ಸಂಜೆ ಆರಕ್ಕೆ."

ಮೇಷ್ಟ್ರು ಅಲ್ಲಿಂದ ಹೊರಬಿದ್ದಾಗ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಮೊದಲು ಬೀಗರ ಮರ್ಯಾದೆ ಉಳಿಯಲಿ ಅಂತ ನೆಲಮಹಡಿಯ ಲಕ್ಷ್ಮಿದೇವಮ್ಮನ ಮನೆಗೆ ಹೋದರು. ಮಾರೇನಹಳ್ಳಿಯ ಹಳೇ ಒಕ್ಕಲು ಮನೆತನದ ಹೆಂಗಸು. ಈ ಬಿಲ್ಡಿಂಗು ನಿಂತಿರುವ ಜಾಗ ಒಂದು ಕಾಲಕ್ಕೆ ಅವರದೇ ರಾಗಿ ಹೊಲ.

"ಅಮ್ಮಾ, ನಮ್ಮ ಬೀಗರು ನಿಮ್ಮ ಬಚ್ಚಲು ಸ್ವಲ್ಪ ಬಳಸ್ಕೋಬಹುದಾ?"

"ಬಳಸ್ಕೊಳ್ಳಿ ಮೇಷ್ಟ್ರೇ, ಅದಕ್ಕೇನಂತೆ. ಆದ್ರೆ ಒಂದು ಕೇಳ್ತೀನಿ. ಟೆರೇಸ್ ಮೇಲೆ ನಾನು ಒಣಹಾಕಿದ್ದ ಮೆಣಸಿನಕಾಯನ್ನ ಆ ಸಂಪತ್ತು ಚೀಲಕ್ಕೆ ತುಂಬಿ ಕೆಳಗೆ ಬಿಸಾಕ್ದಾಗ ನೀವೇನಂದ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು. "ನಿಯಮ ಅಂದ್ರೆ ನಿಯಮ ಅಂದಿದ್ದೆ."

"ಹಾಂ. ಈಗ ಚುರುಕ್ ಅಂತಾ?"

ಎರಡನೇ ಮಹಡಿಯ ಜಗದಾಂಬಾ ಬಾಗಿಲು ತೆಗೆದವರೇ, "ನಮ್ಮ ನಾಯಿ ಲಿಫ್ಟ್ ಹತ್ತಬಾರದು ಅಂತ ಆರ್ಡರ್ ಆದಾಗ ನಗ್ತಿದ್ರಲ್ಲ ಸಾರ್?" ಎಂದರು. ಮೂರನೇ ಮಹಡಿಯ ಮುತ್ತುರಾಜ, ಸಂಪತ್ತರಿಂದ ಬೈಕಿಗೆ ಬೀಗ ಜಡಿಸಿಕೊಂಡಿದ್ದ ಹುಡುಗ, "ಬನ್ನಿ ಗುರುಗಳೇ, ಸಂತ್ರಸ್ತರ ಸಂಘಕ್ಕೆ ಸ್ವಾಗತ," ಎಂದ. ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ದೊಣ್ಣೆ ಪಕ್ಕದ ಮನೆಯವರ ಬೆನ್ನ ಮೇಲೆ ಬೀಳುವವರೆಗೆ ಅದು ನಮ್ಮ ಕಣ್ಣಿಗೆ ಶಿಸ್ತು. ನಮ್ಮ ಬೆನ್ನಿಗೆ ಬಿದ್ದ ದಿನ ಸರ್ವಾಧಿಕಾರ. ಥೂ, ನಮ್ಮ ಜನ್ಮಕ್ಕಿಷ್ಟು!

ಅಂತೂ ಬೀಗರನ್ನು ಮನೆಮನೆಗೆ ಹಂಚಿದ್ದಾಯಿತು. "ಮೊದ್ಲ ಹೆಣ್ಮಕ್ಕಳು, ಹುಡುಗ್ರು ಮಾಡ್ಲಿ, ನಂದೇನೈತಿ," ಎಂದು ದ್ಯಾಮಪ್ಪ ದೊಡ್ಡತನ ಮೆರೆದರು. ಪಂಚೆ ಸುತ್ತಿಕೊಂಡು, ತಲೆಯ ನೊರೆ ಹಾಗೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಬೀಗರು ಕೈತುಂಬ ನೀರು ಸುರಿದುಕೊಳ್ಳುವ ಜನ. ಹದಿನೇಳನೆಯವರ ಸ್ನಾನ ಮುಗಿದು ದ್ಯಾಮಪ್ಪ ಎದ್ದು ನಿಲ್ಲುವುದಕ್ಕೂ, ಬಿಲ್ಡಿಂಗಿನ ಎಲ್ಲ ನಲ್ಲಿಗಳೂ ಒಟ್ಟಿಗೆ ಗೊರ್ ಎಂದು ಗಾಳಿ ಉಗುಳುವುದಕ್ಕೂ ಸರಿಹೋಯಿತು. ಟ್ಯಾಂಕ್ ಖಾಲಿ.

ಈಗ ಎಲ್ಲರಿಗೂ ಸಿಟ್ಟು ಬಂತು. ಆ ಸಿಟ್ಟು ತನ್ನ ಕಡೆ ತಿರುಗುವ ಮೊದಲೇ ಮೇಷ್ಟ್ರು ಅದನ್ನು ಸಂಪತ್ ಕಡೆ ತಿರುಗಿಸಿದರು. ಹನ್ನೊಂದಕ್ಕೆ ಪಾರ್ಕಿಂಗಿನಲ್ಲಿ ತುರ್ತು ಸಭೆ. ಹನ್ನೆರಡು ಮನೆಯವರೂ ಬಂದರು; ಸಂಪತ್ ಕೂಡ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದು ಮೂಲೆಯಲ್ಲಿ ಕೂತರು.

"ಇದೇನು ಅಪಾರ್ಟ್‌ಮೆಂಟೋ, ಪಾಳೇಗಾರನ ಕೋಟೆಯೋ?" ಎಂದು ಮೇಷ್ಟ್ರು ಶುರುಮಾಡಿದರು. "ಕಾನೂನು ಮಾಡೋದೂ ಇವರೇ, ಜಾರಿ ಮಾಡೋದೂ ಇವರೇ, ಅಪೀಲ್ ಕೇಳೋದೂ ಇವರೇ! ಕೂಸಿನ ತೊಟ್ಟಿಲು ಶಾಸ್ತ್ರದ ದಿನ ಮನೆಗೆ ನೀರು ನಿಲ್ಲಿಸ್ತಾರೆ ಅಂದ್ರೆ ಇದು ಕ್ರೌರ್ಯ ಸ್ವಾಮೀ, ಕ್ರೌರ್ಯ! ಕಡಿವಾಣ ಇಲ್ಲದ ಕುದುರೆ ಮೇಲೆ ನಮ್ಮನ್ನೆಲ್ಲ ಕೂರಿಸಿದ್ದು ಯಾರು?"

"ನೀವೇ," ಎಂದ ಮುತ್ತುರಾಜ.

"ಅದಕ್ಕೇ ನಾನೇ ಇಳಿಸ್ತೀನಿ!"

"ಮೇಷ್ಟ್ರೇ, ಒಂದು ಮಾತು," ಎಂದು ಸಂಪತ್ ಎದ್ದರು.

"ಕೂತ್ಕೊಳ್ರೀ! ಇಷ್ಟು ದಿನ ನಿಮ್ಮ ಮಾತೇ ಕೇಳಿದೀವಿ!"

ಹೊರಗೆ ಯಾವುದೋ ಲಾರಿ ಹಾರನ್ ಹೊಡೆಯಿತು. ಸಂಪತ್ ಗೇಟಿನ ಕಡೆ ಕೈ ತೋರಿಸಿ ಮತ್ತೆ ಬಾಯಿ ತೆರೆದರು. ಮೇಷ್ಟ್ರು ಬಿಡಲಿಲ್ಲ. ಅಧ್ಯಕ್ಷರ ಎಲ್ಲ ವಿಶೇಷಾಧಿಕಾರ ರದ್ದು; ಇನ್ನು ಮುಂದೆ ನೀರಾಗಲಿ, ಗೇಟಾಗಲಿ, ಟೆರೇಸಾಗಲಿ, ಮಾಲೀಕರ ಒಪ್ಪಿಗೆ ಇಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡಬಾರದು.

"ಮೆಜಾರಿಟಿ ಸಾಕಲ್ವಾ?" ಎಂದರು ಜಗದಾಂಬಾ.

"ಸಾಲದು! ಮೆಜಾರಿಟಿ ಅಂದ್ಕೊಂಡೇ ಅಲ್ವಾ ನಾವು ಹಾಳಾಗಿದ್ದು? ಹನ್ನೆರಡಕ್ಕೆ ಹನ್ನೆರಡೂ ಮನೆ ಒಪ್ಪಬೇಕು. ಒಂದು ಕೈ ಏಳಲಿಲ್ಲ ಅಂದ್ರೂ ಇಲ್ಲ!"

ಚಪ್ಪಾಳೆ ಬಿತ್ತು. ಹೊರಗಿನ ಹಾರನ್ ಇನ್ನೂ ಜೋರಾಯಿತು. "ಯಾವನೋ ಅವನು, ನಿಲ್ಲಿಸೋ!" ಎಂದು ಮೇಷ್ಟ್ರು ಗೇಟಿನ ಕಡೆ ಗದರಿ, "ಒಪ್ಪೋರು ಕೈ ಎತ್ತಿ!" ಎಂದರು. ಹನ್ನೆರಡು ಕೈ ಎದ್ದವು. ಹನ್ನೆರಡನೆಯದು ಸಂಪತ್ತರದು.

ಆಮೇಲೆ ಸಂಪತ್ ಜೇಬಿನಿಂದ ಟೆರೇಸಿನ ಕೀಲಿ ತೆಗೆದು ಮೇಷ್ಟ್ರ ಕೈಗಿಟ್ಟರು.

"ಸಂಜೆವರೆಗೆ ಅಂದಿದ್ದೇನೋ ನಿಜ ಸಾರ್. ನೀವು ಹೋದ ಮೇಲೆ ಮನಸ್ಸು ತಡೀಲಿಲ್ಲ. ಕೂಸಿನ ಶಾಸ್ತ್ರ ಅಂತ ಒಂಬತ್ತು ಗಂಟೆಗೇ ನಿಮ್ಮ ವಾಲ್ವ್ ತೆಗೆದೆ. ನೀವು ನಲ್ಲಿ ತಿರುಗಿಸಿ ನೋಡ್ಲಿಲ್ಲ ಅನ್ಸುತ್ತೆ. ನೆಂಟರು ಜಾಸ್ತಿ ಅಂತ ಎರಡು ಕಡೆ ಕಾಡಿ ಬೇಡಿ ಒಂದು ಟ್ಯಾಂಕರೂ ಹೇಳಿದೆ. ಹೊರಗೆ ಹಾರನ್ ಹೊಡೀತಿರೋದು ಅದೇ."

ವಾಚ್‌ಮನ್ ಓಡಿಬಂದು, "ಗಾಡಿ ಒಳಗೆ ಬಿಡ್ಲಾ ಸಾರ್?" ಎಂದು ಸಂಪತ್ತರನ್ನು ಕೇಳಿದ.

"ನನ್ನ ಕೇಳ್ಬೇಡಪ್ಪ. ಇವರನ್ನ ಕೇಳು."

"ಬಿಡೋ, ಬಿಡೋ!" ಎಂದು ಮೇಷ್ಟ್ರು ಗೇಟಿಗೆ ಓಡಿದರು. ಮುತ್ತುರಾಜ ಅಡ್ಡ ನಿಂತ. "ಇರಿ ಗುರುಗಳೇ. ಹನ್ನೆರಡೂ ಕೈ ಏಳ್ಬೇಕಲ್ವಾ? ನನ್ನ ಬೈಕ್ ನೆರಳಲ್ಲಿ ನಿಲ್ಲಿಸೋಕೆ ಜಾಗ ಕೊಟ್ರೆ ನನ್ನ ಕೈ ಎತ್ತುತ್ತೀನಿ."

"ಕೊಟ್ಟೆ, ಎತ್ತಪ್ಪ!"

"ನನ್ನ ಮೆಣಸಿನಕಾಯಿ?" ಎಂದರು ಲಕ್ಷ್ಮಿದೇವಮ್ಮ.

"ಟೆರೇಸೆಲ್ಲ ನಿಮ್ಮದೇ, ಹರಡಿಕೊಳ್ಳಿ!"

"ಮೆಣಸಿನಕಾಯಿ ಘಾಟಿಗೆ ನಮ್ಮ ನಾಯಿ ಸೀನುತ್ತೆ. ನಾನು ಒಪ್ಪಲ್ಲ," ಎಂದರು ಜಗದಾಂಬಾ. "ಮೊದಲು ನಾಯಿಗೆ ಲಿಫ್ಟ್ ಕೊಡಿ."

"ನಾಯಿ ಹತ್ತೋ ಲಿಫ್ಟ್‌ಗೆ ನಾನು ಕಾಲಿಡಲ್ಲ," ಎಂದಿತು ಹಿಂದಿನಿಂದ ಇನ್ನೊಂದು ದನಿ. ಆ ಟ್ಯಾಂಕರ್ ನೀರಿಗೆ ಕೂದಲು ಉದುರುತ್ತದೆ ಅಂತ ಮತ್ತೊಬ್ಬರು. ಬಾಯಾರಿ ಸಾಯುವ ಹೊತ್ತಲ್ಲೂ ಚೌಕಾಸಿ ಬಿಡದ ಈ ಜನವನ್ನು ನೋಡಿ ಮೇಷ್ಟ್ರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಕೋಪ ಬಂತು.

ಟ್ಯಾಂಕರ್ ಡ್ರೈವರು ಗೇಟಿನ ಸಂದಿಯಿಂದ ಮುಖ ತೂರಿಸಿ, "ಅಣ್ಣ, ಇಲ್ಲಿ ಹೇಳೋರು ಯಾರು? ಅರ್ಧ ಗಂಟೆ ಆಯ್ತು!" ಎಂದು ಕೂಗಿದ.

"ನಾವೆಲ್ಲರೂ!" ಎಂದು ಹನ್ನೊಂದು ಜನ ಒಟ್ಟಿಗೆ ಕೂಗಿದರು.

ಡ್ರೈವರು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಷ್ಟರಲ್ಲಿ ಎದುರು ಬಿಲ್ಡಿಂಗಿನ ಸೆಕ್ರೆಟರಿ ಬನಿಯನ್ನಿನಲ್ಲೇ ಹೊರಗೆ ಬಂದು, ಹಲ್ಲುಜ್ಜುತ್ತಿದ್ದ ಬ್ರಷ್ಷಿನಿಂದಲೇ ಒಳಗೆ ಬಾ ಅಂತ ಸನ್ನೆ ಮಾಡಿದ. ಟ್ಯಾಂಕರ್ ತಿರುಗಿತು. ಮೇಷ್ಟ್ರು ಅರ್ಧ ರಸ್ತೆಯವರೆಗೆ ಅದರ ಹಿಂದೆ ಓಡಿದರು. ಎದುರು ಗೇಟು ಅವರ ಮೂಗಿನ ಮುಂದೆಯೇ ಮುಚ್ಚಿಕೊಂಡಿತು. ಒಳಗಿನಿಂದ ನೆಲದಡಿಯ ಸಂಪಿನೊಳಕ್ಕೆ ನೀರು ಧುಮುಕುವ ಸದ್ದು ರಸ್ತೆಗೆಲ್ಲ ಕೇಳಿಸುತ್ತಿತ್ತು.

ಮೇಲಿನ ಬಾಲ್ಕನಿಯಿಂದ ದಾನಮ್ಮ, "ಅಡುಗಿಗೂ ನೀರಿಲ್ಲ! ಬೀಗಿತ್ತಿ ಬ್ಯಾಗ್ ಕಟ್ಟಾಕತ್ಯಾಳ!" ಎಂದು ಅಳುವ ದನಿಯಲ್ಲಿ ಕೂಗಿದರು.

ಮೇಷ್ಟ್ರು ಬೆವರು ಸುರಿಸುತ್ತ ಪಾರ್ಕಿಂಗಿಗೆ ಬಂದರು. ಭಾನುವಾರ ಇನ್ನೊಂದು ಟ್ಯಾಂಕರ್ ಕರೆಸುವ ತಾಕತ್ತು ಇದ್ದರೆ ಅದು ಸಂಪತ್ ಒಬ್ಬರಿಗೇ. ಅವರು ಒಂದು ಫೋನ್ ಮಾಡಬೇಕು. ಅದಕ್ಕೆ ಅಧಿಕಾರ ಬೇಕು.

"ಎಲ್ಲರೂ ಕೇಳಿ!" ಮೇಷ್ಟ್ರ ಗಂಟಲು ಒಡೆದಿತ್ತು. "ನನ್ನದೇ ಸೂಚನೆ. ಎಲ್ಲಾ ಅಧಿಕಾರ ವಾಪಸ್ ಅಧ್ಯಕ್ಷರಿಗೇ ಬಿಡಿ! ದಮ್ಮಯ್ಯ ಅಂತೀನಿ, ಕೈ ಎತ್ತಿ!"

ಮೆಣಸಿನಕಾಯಿಯ ಕೈ ಎದ್ದಿತು. ನಾಯಿಯ ಕೈ ಎದ್ದಿತು. ಬೈಕಿನ ಕೈಯೂ ಎದ್ದಿತು. ಖಾಲಿ ನಲ್ಲಿ ಎಲ್ಲರಿಗೂ ಬುದ್ಧಿ ಕಲಿಸಿತ್ತು. ಮೇಷ್ಟ್ರು ಎಣಿಸಿದರು. ಹನ್ನೊಂದು.

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಪತ್ ಕೈಕಟ್ಟಿ ಕೂತಿದ್ದರು.

"ಸಂಪತ್ ಸಾರ್, ನಿಮಗೇ ಅಧಿಕಾರ ಕೊಡ್ತಿರೋದು! ಕೈ ಎತ್ತಿ!"

"ನಾನೂ ಒಂದು ಫ್ಲಾಟಿನ ಓನರ್ ಅಲ್ವಾ ಸಾರ್," ಎಂದರು ಸಂಪತ್. "ಬೆಳಗ್ಗೆವರೆಗೂ ನನಗೂ ಗೊತ್ತಿರಲಿಲ್ಲ. ನಿಮ್ಮ ಭಾಷಣ ಕೇಳಿ ಕಣ್ಣು ತೆರೀತು. ಒಬ್ಬ ಮನುಷ್ಯನ ಕೈಗೆ ಅಷ್ಟೊಂದು ಅಧಿಕಾರ ಕೊಡೋದು ತಪ್ಪು. ನಾನು ಒಪ್ಪಲ್ಲ."

ಅಷ್ಟರಲ್ಲಿ ದ್ಯಾಮಪ್ಪ ಮೆಟ್ಟಿಲಿಳಿದು ಬಂದರು. ತಲೆಯ ಮೇಲಿನ ಸೋಪು ಒಣಗಿ, ಸುಣ್ಣ ಬಳಿದ ಗೋಡೆಯ ಹಾಗೆ ಬಿರುಕು ಬಿಟ್ಟಿತ್ತು. ಒಂದು ಕಣ್ಣು ಮಾತ್ರ ತೆರೆದು ಅವರು ಸಭೆಯನ್ನೆಲ್ಲ ಒಮ್ಮೆ ನೋಡಿದರು.

"ಏನ್ರೀ ಮಾಸ್ತರಽ, ಈ ಬಿಲ್ಡಿಂಗಿನಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರೀ?"

ಹನ್ನೆರಡು ಮನೆಯವರೂ ಅಲ್ಲೇ ಇದ್ದರು. ಹನ್ನೊಂದು ಕೈ ಇನ್ನೂ ಮೇಲೆಯೇ ಇತ್ತು.